ಬುಕ್ಕಾಂಬುಧಿಯ ಕೆಂಪು

ಆ ಭಾನುವಾರ ಸಂಜೆ ಬುಕ್ಕಾಂಬುಧಿ ಕೆರೆ ಎಷ್ಟು ಕೆಂಪಾಗಿತ್ತು ಅಂತ ಯಾರಾದರೂ ಕೇಳಿದರೆ ಈಗ ನನಗೆ ಎದೆ ಧಸಕ್ಕೆನ್ನುತ್ತದೆ. ಇದ್ದ ಕೆಂಪು ಒಂಚೂರು. ಮಿಕ್ಕಿದ್ದೆಲ್ಲ ನಾನು ಹಾಕಿದ್ದು.

ಅಪ್ಪ ಕಡೂರು–ತರೀಕೆರೆ ರೂಟಿನಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಈಗ ಅಜ್ಜಂಪುರದಲ್ಲಿ ನನ್ನ ಜೊತೆಗಿದ್ದಾರೆ. ಕಣ್ಣಿನ ಬಗ್ಗೆ ಅವರಿಗೆ ಎಲ್ಲಿಲ್ಲದ ಜಂಬ. ಎದುರಿಗೆ ಬರುವ ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಡ್ರೈವರ್ ಯಾರೆಂದು ಹೇಳುತ್ತಿದ್ದರು. ರಸ್ತೆಯಲ್ಲಿ ಏನು ಕಾಣುತ್ತಿದೆ ಅಂತ ಪಕ್ಕದವರನ್ನು ಕೇಳಿದ ಮನುಷ್ಯನೇ ಅಲ್ಲ. ಅಂಥವರ ಎರಡೂ ಕಣ್ಣಿಗೆ ಪೊರೆ ಬಂತು. ಗೋಗರೆದು ಗೋಗರೆದು ಒಂದು ಕಣ್ಣಿಗೆ ಆಪರೇಷನ್ ಮಾಡಿಸಿದೆ.

"ಇದು ಸರಿಹೋದ್ರೆ ಮಾತ್ರ ಇನ್ನೊಂದು. ಇಲ್ದಿದ್ರೆ ಆ ಮಾತೇ ಎತ್ತಬೇಡ" ಎಂದು ಮೊದಲೇ ಕರಾರು ಹಾಕಿದ್ದರು.

ಸರಿಹೋಯಿತು. ಪಟ್ಟಿ ಬಿಚ್ಚಿದ ಮೇಲೆ ಅವರ ಖುಷಿ ನೋಡಬೇಕಿತ್ತು! ಒಂದು ಕಣ್ಣನ್ನು ಅಂಗೈಯಲ್ಲಿ ಮುಚ್ಚುವುದು, ಇನ್ನೊಂದರಲ್ಲಿ ನೋಡುವುದು, ಮತ್ತೆ ಅದಲುಬದಲು. ಕ್ಯಾಲೆಂಡರು, ಬೀದಿನಾಯಿ, ನನ್ನ ಮೂತಿ, ಯಾವುದನ್ನೂ ಬಿಡಲಿಲ್ಲ. "ಲೇ, ಈ ಗೋಡೆ ಬಿಳೀದು ಕಣೇ! ಇಷ್ಟು ದಿನ ಹಳದಿ ಅನ್ಕೊಂಡಿದ್ನಲ್ಲ!"

ಡಾಕ್ಟರು ಹೊರಗೆ ಓಡಾಡಬಹುದು ಅಂದ ಮೇಲೆ ಕೆರೆಗೆ ಕರೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ ಅವರಿಗಾಗಿ ಅಲ್ಲ, ಫೋಟೋಕ್ಕಾಗಿ. ವಾರವೆಲ್ಲ ಶಾಲೆಯಲ್ಲಿ ಕೂಗಾಡಿ, ಭಾನುವಾರ ಕ್ಯಾಮೆರಾ ಹಿಡಿಯದಿದ್ದರೆ ನನಗೆ ತಲೆ ಕೆಡುತ್ತದೆ. ಕೆರೆಯ ಏರಿ ಇಳಿದು ನೀರಿನಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಮೇಲಿನ ಗುಡ್ಡ, ನೀರಿನಲ್ಲಿ ತಲೆಕೆಳಗಾದ ಗುಡ್ಡ, ಎರಡೂ ಒಂದೇ ಚೌಕಟ್ಟಿನಲ್ಲಿ ಕೂರಬೇಕು. ಗಾಳಿ ನಿಲ್ಲಲಿ ಅಂತ ಉಸಿರು ಬಿಗಿಹಿಡಿದು ಕಾಯುತ್ತಿದ್ದರೆ, ಹಿಂದೆ ಕಲ್ಲಿನ ಮೇಲೆ ಕೂತಿದ್ದ ಅಪ್ಪನ ಬಾಯಿ ಮಾತ್ರ ನಿಲ್ಲದು.

"ಮೇಲಿರೋ ಮುಗಿಲಿಗಿಂತ ನೀರೊಳಗಿರೋದು ಚೂರು ಮಂಕು, ಅಲ್ವೇನೇ?"

"ಸುಮ್ನಿರಪ್ಪಾ, ಬೆಳಕು ಹೋಗ್ತೈತೆ" ಎಂದು ಗದರಿದೆ. ಅವರು ಹೇಳಿದ್ದು ಸರಿಯಾಗೇ ಇತ್ತು. ನೀರಿನಲ್ಲಿ ಕಾಣುವ ಆಕಾಶ ಯಾವತ್ತೂ ಸ್ವಲ್ಪ ಮಂಕೇ.

ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಫೋಟೋ ಸಪ್ಪೆ. ಉಪ್ಪಿಲ್ಲದ ಸಾರು. ಕಿತ್ತಳೆ ಬಣ್ಣವನ್ನು ಕೆಂಪಿನ ಕಡೆಗೆ ಎಳೆದೆ. ಸಾಲದೆನಿಸಿತು, ಇನ್ನಷ್ಟು ಎಳೆದೆ. ನೀರಿನ ಭಾಗವನ್ನಷ್ಟೇ ಆರಿಸಿಕೊಂಡು ಮುಗಿಲಿನಷ್ಟೇ ಬೆಳಗಿಸಿದೆ. ಮಾರನೇ ದಿನ ಅಪ್ಪನ ತಂಗಿ, ನಮ್ಮ ಅತ್ತೆ, ಮನೆಗೆ ಬಂದಾಗ ತೋರಿಸಿದೆ.

"ಅಯ್ಯಯ್ಯೋ, ನಿಜವಾಗ್ಲೂ ಹಿಂಗೇ ಇತ್ತೇನೇ?"

"ಹಿಂಗೇ ಇತ್ತು ಕಣತ್ತೆ. ನಾನೇನೂ ಮಾಡಿಲ್ಲ."

ಎರಡು ಒಳ್ಳೆಯ ಮಾತು ಬೇಕಿತ್ತು ನನಗೆ, ಅಷ್ಟೇ. ಥೂ, ಎಂಥ ಬಾಯಿ! ಅಪ್ಪ ಅತ್ತೆಯ ಹಿಂದಿನಿಂದ ಬಗ್ಗಿ ಫೋಟೋ ನೋಡಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಒಳಗೆ ಹೋದರು. ನಾನು ಅತ್ತೆಗೆ ಕಾಫಿ ಮಾಡಲು ಎದ್ದೆ.

ಎರಡನೇ ಕಣ್ಣಿಗೆ ಬನ್ನಿ ಅಂತ ಆಸ್ಪತ್ರೆಯಿಂದ ಫೋನ್ ಬಂದಾಗ ಅಪ್ಪ ಬೇಡ ಅಂದುಬಿಟ್ಟರು. ಯಾಕೆ ಅಂತ ಕೇಳಿದ್ದಕ್ಕೆ ತಲೆ ತಗ್ಗಿಸಿದರು.

"ಕೆರೆ ಹತ್ರ ನಂಗೆ ಅಷ್ಟು ಕೆಂಪು ಕಾಣ್ಲೇ ಇಲ್ಲ ಕಣಮ್ಮ. ನೀರೂ ಮಂಕಾಗೇ ಕಾಣ್ತು. ನಿನ್ ಫೋಟೋದಲ್ಲಿ ನೋಡಿದ್ರೆ ಧಗಧಗ ಅಂತೈತೆ. ಈ ಕಣ್ಣು ಕೆಟ್ಟೋಯ್ತು. ಇರೋ ಇನ್ನೊಂದನ್ನೂ ಕಳ್ಕೊಳಕ್ಕೆ ನಾನು ಬರಲ್ಲ."

ಲ್ಯಾಪ್‌ಟಾಪ್ ತಂದು ಅವರ ಪಕ್ಕ ಕೂತೆ. ಎಲ್ಲವನ್ನೂ ಹೇಳಿದೆ, ಅತ್ತೆಗೆ ಹೇಳಿದ ಸುಳ್ಳನ್ನೂ ಸೇರಿಸಿ. ಮೂಲ ಫೋಟೋ ತೆರೆದು ಮುಂದಿಟ್ಟೆ. "ನೋಡಪ್ಪಾ, ನೀನು ನೋಡಿದ್ದೇ ಸರಿ. ನಿನ್ ಕಣ್ಣು ಚೆನ್ನಾಗೈತೆ. ನಾನೇ ಬಣ್ಣ ಬಳಿದಿದ್ದು."

ಅಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ತಲೆ ಸವರಿದರು.

"ನನ್ ಸಮಾಧಾನಕ್ಕೆ ಬಣ್ಣ ಕಮ್ಮಿ ಮಾಡ್ಕೊಂಡ್ ಬಂದಿದ್ದೀಯ. ಇರ್ಲಿ ಬಿಡು ಮಗ, ಬೇಜಾರ್ ಮಾಡ್ಕೊಬೇಡ."

ಕೆನ್ನೆಗೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆಣೆ ಇಟ್ಟೆ, ಅತ್ತೆಗೂ ನಿಜ ಹೇಳಿ ಅವರ ಹತ್ತಿರ ಫೋನಿನಲ್ಲಿ ಹೇಳಿಸಿದೆ. ಎಲ್ಲದಕ್ಕೂ ನಕ್ಕು ಹೂಂ ಅಂದರು. ನಂಬಲಿಲ್ಲ.

ನಿನ್ನೆ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಅವರನ್ನು ಮತ್ತೆ ಅದೇ ಕೆರೆಗೆ ಕರೆದುಕೊಂಡು ಹೋದೆ. ತಾವೇ ನೋಡಲಿ, ತಮ್ಮ ಕಣ್ಣನ್ನು ತಾವೇ ನಂಬಲಿ ಅಂತ. ಸೂರ್ಯ ಗುಡ್ಡದ ಹಿಂದೆ ಇಳಿಯುತ್ತಿದ್ದ. ಗಾಳಿಯೂ ನಿಂತಿತ್ತು.

"ನೋಡಪ್ಪಾ, ಈಗ ಹೇಳು. ಹೆಂಗೆ ಕಾಣ್ತೈತೆ?"

ಅಪ್ಪ ನೀರಿನ ಕಡೆ ನೋಡಲಿಲ್ಲ, ಮುಗಿಲಿನ ಕಡೆಗೂ ನೋಡಲಿಲ್ಲ. ನನ್ನ ಮುಖ ನೋಡಿದರು.

"ನೀನೇ ಮೊದ್ಲು ಹೇಳಮ್ಮ. ಎಷ್ಟು ಕೆಂಪೈತೆ?"