ಮೂರನೇ ಮಗ್ಗದ ಗುಡ್ಡ

ಶಾಲೆ ಬಿಟ್ಟವರಿಗೆ ಒಂದು ಜಂಬವಿರುತ್ತದೆ. ಓದಿದವರು ಲೆಕ್ಕ ಹಾಕಿ ತಿಳಿಯುವುದನ್ನು ನಾವು ಕಣ್ಣಳತೆಯಲ್ಲೇ ತಿಳಿದಿದ್ದೇವೆ ಎಂದು. ಏಳನೇ ಇಯತ್ತೆಗೆ ಪಾಟಿ ಕೆಳಗಿಟ್ಟು, ಬನಹಟ್ಟಿಯಲ್ಲಿ ದುಡಿದು ಅಪ್ಪನ ಮಗ್ಗಗಳನ್ನು ನಾಲ್ಕಕ್ಕೆ ಏರಿಸಿದ ನನಗೆ ಅದು ತುಸು ಹೆಚ್ಚೇ ಇತ್ತು. ಮಗ್ಗದಿಂದ ಇಳಿದ ಸೀರೆಯನ್ನು ನಮ್ಮಲ್ಲಿ ಅಳೆಯುವುದು ಟೇಪಿನಿಂದಲ್ಲ, ಮೊಳದಿಂದ. ಅಪ್ಪ ಹಾಗೇ ಅಳೆಯುತ್ತಿದ್ದ. ಉಟ್ಟವರು ಯಾರೂ ದೂರಿರಲಿಲ್ಲ.

ಅಳೆದು ವಹಿಯಲ್ಲಿ ಬರೆಯುವ ಕೆಲಸ ಹೆಂಡತಿಯದು. ಆದರೆ ಮೂರನೇ ಮಗ್ಗದ ಗುರಪ್ಪ ಕಾಕಾನ ಸೀರೆಯೊಂದು ಒಮ್ಮೆ ನನ್ನ ಕಣ್ಣಿಗೆ ಗಿಡ್ಡ ಕಂಡಿತು. ಅಲ್ಲಿಂದ ಬಿಡುವಾದಾಗಲೆಲ್ಲ ಅವನ ಸೀರೆಗಳನ್ನು ಮಾತ್ರ ನಾನೇ ಅಳೆದು ಬರೆದೆ. ಗುಮಾನಿ ಖರೆಯೇ ಆಯಿತು. ಎರಡು ಸಲ ಅವನಿಗೆ ಹೇಳಿಯೂ ನೋಡಿದೆ, ಸೀರೆ ಉದ್ದವಾಗಲಿಲ್ಲ. ಅಪ್ಪನ ಕಾಲದಿಂದ ನೇಯುತ್ತಿದ್ದವನಿಗೆ, "ಕಾಕಾ, ಇನ್ನ ಮನ್ಯಾಗ ಆರಾಮ ಇರು," ಎಂದುಬಿಟ್ಟೆ. ಅವನು ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡು ಹೋದ.

ಮುಂದಿನ ವಾರ, ಜಮಖಂಡಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುವ ಮಗಳು ಶೋಭಾ ತನ್ನ ಅಭ್ಯಾಸಕ್ಕೆಂದು ನಮ್ಮ ವಹಿಯನ್ನೆಲ್ಲ ಕಂಪ್ಯೂಟರಿಗೆ ತುಂಬಿದಳು. ಒಂದೊಂದು ಮಗ್ಗಕ್ಕೆ ಒಂದೊಂದು ಬಣ್ಣದ ಗುಡ್ಡ ಮೂಡಿತು. ಯಾವ ಉದ್ದದ ಸೀರೆಗಳು ಹೆಚ್ಚೋ ಅಲ್ಲಿ ಗುಡ್ಡ ಎತ್ತರ. ನಾಲ್ಕನ್ನೂ ಒಂದೇ ಪಟದಲ್ಲಿ, ಒಂದರ ಹಿಂದಿನ ಇನ್ನೊಂದು ಕಾಣುವಂತೆ ತೆಳ್ಳಗೆ ಬಣ್ಣ ಬಳಿದು ಕೂರಿಸಿದಳು.

"ಕಾಕಾನ ಸೀರಿ ಎಣಿಕಿ ಕಡಿಮಿ. ಹಂಗ ಬಿಟ್ಟರ ಅವನ ಗುಡ್ಡ ಕುಳ್ಳ ಕಾಣತೈತಿ. ಅದಕ್ಕ ಎಲ್ಲಾ ಗುಡ್ಡಕ್ಕೂ ಸಮ ಜಾಗಾ ಕೊಟ್ಟೇನಿ," ಎಂದಳು. ವಯಸ್ಸಾದವರ ವಿಷಯದಲ್ಲಿ ಇಷ್ಟು ನ್ಯಾಯ ಕಂಪ್ಯೂಟರಿಗೆ ಗೊತ್ತಿರುವುದು ಕಂಡು ಸೋಜಿಗವಾಯಿತು.

ಮೂರು ಗುಡ್ಡಗಳು ಒಂದರ ಮೇಲೊಂದು ಕೂತಿದ್ದವು. ಕಾಕಾನದಕ್ಕೆ ಮಾತ್ರ ಎರಡು ನೆತ್ತಿ. ಒಂದು ಉಳಿದವರದಕ್ಕೆ ಸರಿಯಾಗಿ, ಇನ್ನೊಂದು ಅರ್ಧ ಮೊಳ ಎಡಕ್ಕೆ, ಗಿಡ್ಡ ಸೀರೆಗಳ ಕಡೆಗೆ. ಬರೀ ಸರಾಸರಿ ನೋಡಿದ್ದರೆ ಅವನು 'ಸ್ವಲ್ಪ ಗಿಡ್ಡ ನೇಯುವವನು' ಆಗಿಯೇ ಉಳಿಯುತ್ತಿದ್ದ.

"ಅಪ್ಪಾ, ಒಬ್ಬ ಮನಷ್ಯಾ ಎರಡ ನಮೂನಿ ಯಾಕ ನೇಯತಾನ?"

ವಹಿ ತೆಗೆದೆವು. ಸರಿಯಿದ್ದ ಸೀರೆಗಳೆಲ್ಲ ಹೆಂಡತಿಯ ದುಂಡು ಅಕ್ಷರದಲ್ಲಿದ್ದವು. ಗಿಡ್ಡ ಸೀರೆಗಳೆಲ್ಲ ನನ್ನ ಅಕ್ಷರದಲ್ಲಿ.

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತಿರುಗದೆಯೇ ಹೇಳಿದಳು: "ನಿಮ್ಮ ಮೊಳ ನನ್ನ ಮೊಳಕ್ಕಿಂತ ಒಂದ ಬೆರಳ ಹೆಚ್ಚರಿ. ಉದ್ದ ಕೈಲೆ ಅಳದ್ರ ಮೊಳ ಕಡಿಮಿ ಬರತಾವು."

"ಮದಲ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು?"

ಪಕ್ಕದ ರಬಕವಿಯಲ್ಲಿದ್ದ ಕಾಕಾನ ಮನೆಯ ತನಕ ಕ್ಷಮೆಯ ಮಾತು ಜೋಡಿಸಿಕೊಳ್ಳುತ್ತಲೇ ನಡೆದೆ. ಮೊಳದ ಸಂಗತಿ ಕೇಳಿದ್ದೇ, ಅವನು ಪೂರಾ ಹೇಳಗೊಡಲಿಲ್ಲ. "ನೂಲು ಬದಲ ಮಾಡಿ ನೋಡಿದ್ದೆ. ಕಣ್ಣಿಗೆ ಹೊಸಾ ಚಾಳೀಸ ಹಾಕ್ಕೊಂಡು ನೋಡಿದ್ದೆ. ನಿನ್ನ ತೋಳ ಬದಲ ಮಾಡಬೇಕಂತ ಹೊಳೀಲೇ ಇಲ್ಲ ನೋಡೋ," ಎಂದ.

ನನಗೆ ನಗು ಬರಲಿಲ್ಲ. ನನ್ನ ತಪ್ಪನ್ನು ಆ ಮನುಷ್ಯ ಇಷ್ಟು ದಿನ ತನ್ನ ಕಣ್ಣಲ್ಲಿ ಹುಡುಕಿಕೊಂಡಿದ್ದ.

"ನಾಳಿಂದ ಬಾ ಕಾಕಾ," ಎಂದೆ.

"ಹೊತ್ತ ಇನ್ನೂ ಮುಳುಗಿಲ್ಲಲ್ಲೋ," ಎಂದು ಅವನು ಚಪ್ಪಲಿ ಮೆಟ್ಟಿದ.