ಯಜಮಾನರ ಬಚ್ಚಲ ಕಲ್ಲು

ಆ ಬಚ್ಚಲನ್ನು ನೆನೆಸಿಕೊಂಡರೆ ಈಗಲೂ ನನಗೆ ಹೇಸಿಗೆಯಾಗುತ್ತದೆ. ಹಾಗಂತ ಅದು ಕೊಳಕು ಬಚ್ಚಲಲ್ಲ. ಸೇಲಂನಿಂದ ಧರ್ಮಪುರಿಗೆ ಹೋಗುವ ದಾರಿಯಲ್ಲಿದ್ದ ನಮ್ಮೂರ ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ ಕಲ್ಲು ಹಾಸಿದ ಬಚ್ಚಲು ಇದ್ದದ್ದು ಬೀದಿಯ ಯಜಮಾನರ ಮನೆಯಲ್ಲಿ ಮಾತ್ರ. ನಮ್ಮದೆಲ್ಲ ಮಣ್ಣು, ಸುತ್ತ ನಾಲ್ಕು ತೆಂಗಿನ ಗರಿ. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಮನೆಯ ಊಟವೊಂದಕ್ಕೆ ಪಾತ್ರೆ ತಿಕ್ಕಲು ಹೋಗಿದ್ದೆ. ಕಾಲು ತೊಳೆಯಲು ಬಚ್ಚಲಿಗೆ ಇಳಿದರೆ ಅಂಗಾಲಿಗೆ ಏನೋ ಒರಟು ತಾಗಿತು. ಬಗ್ಗಿ ನೋಡಿದೆ. ಸೀಗೆಕಾಯಿ ಲೋಳೆಯ ಕೆಳಗೆ ಇಂಗ್ಲಿಷ್ ಅಕ್ಷರಗಳು!

ನಾನು ಸೇಲಂನ ಮಿಷನ್ ಶಾಲೆಯಲ್ಲಿ ಕೆಲವು ವರ್ಷ ಕಲಿತವಳು. ಕೂಡಿಸಿ ಕೂಡಿಸಿ ಓದಿದೆ. ಯಾರೋ ಸೋಲ್ಜರು. ವಯಸ್ಸು ಹತ್ತೊಂಬತ್ತು. ಜ್ವರದಿಂದ ತೀರಿಕೊಂಡ.

"ಏನ್ ನೋಡ್ತೀಯಮ್ಮಾ?" ಎಂದು ಯಜಮಾನರ ಹೆಂಡತಿ ಹಿಂದಿನಿಂದ ಕೇಳಿದರು. "ನಮ್ಮ ಮಾವನೋರು ಮನೆ ಕಟ್ಸುವಾಗ ತಂದಾಕಿದ್ದು. ಅಕ್ಷರ ಐತಲ್ಲ, ಕಾಲು ಜಾರಲ್ಲ."

ಥೂ! ಒಂದು ಪ್ರಾಣ ಹೋದದ್ದನ್ನು ಬರೆದ ಕಲ್ಲು. ಯಜಮಾನರು ಅದರ ಮೇಲೆ ದಿನಾ ಬೆಳಗ್ಗೆ ನಿಂತು ಗಂಟಲಿಗೆ ಬೆರಳು ಹಾಕಿ ಕ್ಯಾಕರಿಸಿ ಉಗಿಯುವುದು, ಆಮೇಲೆ ಹಣೆಗೆ ವಿಭೂತಿ ಬಳಿದುಕೊಂಡು ಬೀದಿಯ ನ್ಯಾಯ ಹೇಳಲು ಹೊರಡುವುದು.

ಊರವರು ಸೋಲ್ಜರ್ ಗೋರಿ ಎನ್ನುತ್ತಿದ್ದ ಬಿಳಿಯರ ಸ್ಮಶಾನ ಇದ್ದದ್ದು ಬೀದಿಯ ತುದಿಯಲ್ಲಿ. ಕುಂಪಣಿ ಕಾಲದಲ್ಲಿ ಊರ ಕೋಟೆಯಲ್ಲಿ ಪಟ್ಟಾಳ, ಅಂದರೆ ಸೈನ್ಯ, ಇತ್ತಂತೆ, ವಾಂತಿಭೇದಿ, ಜ್ವರ ಬಂದು ಸತ್ತ ಬಿಳಿಯರನ್ನು ಅಲ್ಲಿ ಹೂತರಂತೆ. ಅಂಗೈಯಗಲ ಜಾಗ, ಕುಸಿದ ಗೋಡೆ, ಎರಡು ಬೇವಿನ ಮರ. ಗೋಡೆಯ ಆಚೆ ಊರಿನ ಗಂಡಸರೆಲ್ಲ ಚೊಂಬು ಹಿಡಿದು ಹೋಗುತ್ತಿದ್ದರು. ಮಳೆ ಬಂದರೆ ಗೋಡೆ ಹತ್ತಿರ ಮೂಗು ಮುಚ್ಚದೆ ಸುಳಿಯುವಂತಿರಲಿಲ್ಲ. ಅಂಥ ಜಾಗಕ್ಕೆ ನಮ್ಮ ಅತ್ತೆ ಪ್ರತಿ ಮಹಾಲಯ ಅಮಾವಾಸ್ಯೆಗೆ ಯಾರಿಗೂ ಕಾಣದಂತೆ ಎಡೆ ತೆಗೆದುಕೊಂಡು ಹೋಗುತ್ತಾರೆಂದು ಗೊತ್ತಾದಾಗ ನಾನು ಬೆಪ್ಪಾದೆ.

ಮಾವನವರು ಜರ್ಮನಿ ಯುದ್ಧದ ಕಾಲದಲ್ಲಿ ನೂಲು ಸಿಗದೆ, ಮಗ್ಗ ನಿಂತು, ಕೂಲಿ ಪಟ್ಟಾಳ ಸೇರಿ ಸಮುದ್ರದಾಚೆಯ ಬಸ್ರಾಕ್ಕೆ ಹೋದರು. ಆಗ ನನ್ನ ಗಂಡ ಇನ್ನೂ ಅತ್ತೆಯ ಹೊಟ್ಟೆಯಲ್ಲಿದ್ದರು. ಮಾವ ಸತ್ತ ಸುದ್ದಿ ಬಂತು, ಹೆಣ ಬರಲಿಲ್ಲ. ನಮ್ಮವರು ಹೂಳುವವರು. ಹೂತ ಮೂರನೆಯ ದಿನ ಮಣ್ಣಿನ ಮೇಲೆ ಹಾಲು ತುಪ್ಪ ಬಿಡಬೇಕು, ವರ್ಷಕ್ಕೊಮ್ಮೆ ಎಡೆ ಇಡಬೇಕು. ಮಣ್ಣೇ ಇಲ್ಲದವಳು ಎಲ್ಲಿ ಬಿಡುವುದು? ಅತ್ತೆ ಹುಡುಕಿ ಹುಡುಕಿ ಕೊನೆಗೆ ಸೋಲ್ಜರ್ ಗೋರಿಗೆ ಹೋದರು. ಅಲ್ಲಿ ಎಲ್ಲ ಗೋರಿಗೂ ಕಲ್ಲಿತ್ತು, ಒಂದಕ್ಕೆ ಮಾತ್ರ ಇರಲಿಲ್ಲ.

"ಪಟ್ಟಾಳದೋನು ಪಟ್ಟಾಳದೋರ ಜೊತೇಲೇ ತಾನೇ ಇರ್ಬೇಕು? ಕಲ್ಲಿಲ್ಲ, ಎಸರಿಲ್ಲ, ಯಾರೂ ನಂದು ಅಂತ ಬರಲ್ಲ. ಅದ್ಕೇ ಅದು ನಮ್ಮೋರ್ದು" ಎಂದರು ನನ್ನ ಹತ್ತಿರ.

ನನಗೆ ತಟ್ಟನೆ ಬಚ್ಚಲ ನೆನಪಾಯಿತು. ಆ ಗೋರಿಯ ಕಲ್ಲು ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಅದು ಯಾರ ಗೋರಿಯೆಂದೂ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಆ ಕಲ್ಲು ಬಚ್ಚಲಲ್ಲಿ ಇರುವಷ್ಟು ದಿನ ಅತ್ತೆಗೆ ಗಂಡನ ಜಾಗ ಅಂತ ಒಂದು ಇರುತ್ತದೆ. ಎಂಥ ಕರ್ಮ ನೋಡಿ, ಆ ಹೇಸಿಗೆ ಅಲ್ಲೇ ಇರಲಪ್ಪಾ ಎಂದು ನಾನೇ ದೇವರಿಗೆ ಕೈ ಮುಗಿಯಬೇಕಾಯಿತು.

ಆ ವರ್ಷ ಅತ್ತೆ ಎಡೆ ಇಡುವುದನ್ನು ಕಂಡುಹಿಡಿದವರು ಯಜಮಾನರೇ. ಚೊಂಬು ಹಿಡಿದು ಗೋಡೆಯಾಚೆ ಕೂತವರು ಎದ್ದು ನೋಡಿದರೆ ಒಳಗೆ ಅತ್ತೆ, ಬಾಳೆಲೆ, ವಡೆ, ಪಾಯಸ. ಸಂಜೆಗೆ ಪಂಚಾಯಿತಿ ಸೇರಿತು. "ದನ ತಿಂದೋನ ಗೋರಿಗೆ ಎಡೆ ಇಡ್ತೀಯೇನಮ್ಮಾ? ಬೀದೀನೇ ಮೈಲಿಗೆ ಮಾಡ್ಬಿಟ್ಯಲ್ಲ! ಇನ್ನು ಅಲ್ಲಿಗೆ ಓಗಲ್ಲ ಅಂತ ಆಣೆ ಮಾಡು. ಇಲ್ದಿದ್ರೆ ನಿನ್ ಮನೆ ನೂಲಿಗೆ ಬೀದೀಲಿ ಯಾರೂ ಕೈ ಆಕಲ್ಲ."

ನೇಕಾರರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಮಗ್ಗಕ್ಕೆ ಏರಿಸುವ ಮುಂಚೆ ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚಬೇಕು, ಬಿಸಿಲೇರುವ ಮುಂಚೆ ಬ್ರಶ್ಶು ಎಳೆದು ಎಳೆ ಎಳೆ ಬಿಡಿಸಬೇಕು. ಎಂಟು ಹತ್ತು ಜನ ಎರಡೂ ಕಡೆ ನಿಲ್ಲದೆ ಆಗದು. ಅದಕ್ಕೇ ಇವತ್ತು ನಿಮ್ಮನೆಗೆ ನಾವು, ನಾಳೆ ನಮ್ಮನೆಗೆ ನೀವು.

ಅತ್ತೆ ಆಣೆ ಮಾಡಲಿಲ್ಲ. "ನಿಮ್ಗೆಲ್ಲಾ ಅಪ್ಪ ಅಜ್ಜಂದಿರ ಮಣ್ಣೈತೆ ಯಜಮಾನ್ರೇ, ನಂಗೆ ಅದೊಂದೇ" ಎಂದು ಎದ್ದು ಬಂದರು.

ಮುಂದಿನ ಸಲ ನೂಲು ಎಳೆದು ಕಟ್ಟಿದಾಗ ನಾವು ಮೂವರೇ. ಬೀದಿಯವರೆಲ್ಲ ತಮ್ಮ ತಮ್ಮ ಜಗಲಿಯಲ್ಲಿ ಕೂತು, ಹಲ್ಲುಜ್ಜುತ್ತಾ, ನಾವು ಆ ತುದಿಯಿಂದ ಈ ತುದಿಗೆ ಓಡುವುದನ್ನು ನೋಡಿದರು. ಒಬ್ಬ ಏಳಲಿಲ್ಲ. ಬಿಸಿಲು ಬಂತು, ಗಂಜಿ ಒಣಗಿತು, ಎಳೆಗಳು ಒಂದಕ್ಕೊಂದು ಅಂಟಿ ಜಡೆಗಟ್ಟಿದವು. ನನ್ನ ಗಂಡ ಬ್ರಶ್ಶು ಬಿಸಾಕಿ, "ಮೊಕ ನೋಡ್ದಿರೋ ಅಪ್ಪನಿಗೋಸ್ಕರ ನಾವು ಉಪವಾಸ ಬೀಳ್ಬೇಕಾಮ್ಮಾ?" ಎಂದು ಕೂಗಾಡಿದರು. ಅತ್ತೆ ಅಂಟಿದ ಎಳೆಗಳನ್ನು ಬಿಡಿಸುತ್ತಾ ಕೂತರು. ಆ ವರ್ಷವೆಲ್ಲ ಸಣ್ಣ ಸಣ್ಣ ತುಂಡು ನೂಲಿಗೆ ಮನೆ ಹಿತ್ತಲಲ್ಲೇ ಗಂಜಿ ಹಾಕಿ ಟವಲು ನೇಯ್ದು ಮೇಚೇರಿ ಸಂತೆಗೆ ಹೊತ್ತೆವು. ಸೀರೆ ನೇಯುವ ಕೈ ಟವಲಿಗೆ ಇಳಿಯಿತು.

ಆಗ ಮೆಟ್ಟೂರು ಅಣೆಕಟ್ಟು ಮುಗಿದ ಹೊಸದು, ಜನ ಗಾಡಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದರು. ಅದನ್ನು ನೋಡಲು ಬಂದ ಯಾವನೋ ದೊಡ್ಡ ದೊರೆ ದಾರಿಯಲ್ಲಿ ನಮ್ಮೂರ ಗೋರಿಗಳನ್ನೂ ನೋಡುತ್ತಾನೆಂದು ಸುದ್ದಿ ಬಂತು. ಕಲ್ಲು ಕದ್ದವರಿಗೆ ಜೈಲಂತೆ ಎಂದು ಅದರ ಹಿಂದೆಯೇ ಇನ್ನೊಂದು ಸುದ್ದಿ. ಯಜಮಾನರಿಗೆ ಅನ್ನ ಇಳಿಯಲಿಲ್ಲ. ಮಾರನೆಯ ಬೆಳಗ್ಗೆಯೇ ಅವರ ಗಾಡಿ ಹಿತ್ತಲ ಬಾಗಿಲಿಂದ ಹೊರಟಿತು, ಮೇಲೆ ಹುಲ್ಲು ಹೊದಿಸಿದ್ದರು. ಹುಲ್ಲಿನ ಕೆಳಗೇನಿದೆಯೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ದೊರೆ ಬಂದ, ಟೋಪಿ ತೆಗೆದು ನಿಂತ. ಯಜಮಾನರು ಹಾರ ಹಾಕಿ ತಮಿಳಿನಲ್ಲಿ, "ಎಂಗ ಮುನ್ನೋರ್ ಮಾದಿರಿ ಪಾತ್ತುಕ್ಕಿರೋಂ" ಎಂದರು. ನಮ್ಮ ಹಿರಿಯರ ಹಾಗೆ ನೋಡಿಕೊಳ್ಳುತ್ತೇವೆ ಅಂತ! ಆ ನಾಲಿಗೆ ಹೇಗೆ ಹೊರಳಿತೋ. ದೊರೆ ಸಂತೋಷಪಟ್ಟು ಕೈ ಕುಲುಕಿದ. ದೊರೆ ಮುಟ್ಟಿದ ಕೈ ಎಂದು ಯಜಮಾನರು ಆ ಕೈಯನ್ನು ಮೂರು ದಿನ ಬೀದಿಗೆಲ್ಲ ತೋರಿಸಿದರು. ದನ ತಿಂದು ಸತ್ತವನಿಗೆ ಎಡೆ ಇಟ್ಟರೆ ಮೈಲಿಗೆ, ದನ ತಿನ್ನುವವನ ಕೈ ಹಿಡಿದರೆ ಮರ್ಯಾದೆ.

ಅದೇ ವಾರ ಮಹಾಲಯ ಅಮಾವಾಸ್ಯೆ. ಅತ್ತೆ ಎಡೆ ಹೊತ್ತರು, ಹಾಲು ತುಪ್ಪದ ಚೊಂಬು ಹಿಡಿದು ನಾನು ಹಿಂದೆ ಹೋದೆ. ಬೇವಿನ ಮರದ ಕೆಳಗೆ ಕಲ್ಲಿಲ್ಲದ ಗೋರಿ ಇರಲಿಲ್ಲ, ಅದರ ಮೇಲೂ ಈಗ ಕಲ್ಲು ಕೂತಿತ್ತು. ಅತ್ತೆ ಎಡೆ ಕೆಳಗಿಟ್ಟು ಕಲ್ಲಿನ ಮೇಲೆ ಕೈಯಾಡಿಸಿದರು.

"ಏನ್ ಬರ್ದೈತೆ, ಓದೇ."

"ಅಳಿಸೋಗೈತೆ ಅತ್ತೆ, ಸರಿಯಾಗಿ..."

"ನನ್ ತಲೆ ಮೇಲೆ ಕೈ ಇಟ್ಟು ಓದು."

ಓದಿದೆ. ಪಟ್ಟಾಳದಲ್ಲಿ ಡೋಲು ಬಾರಿಸುತ್ತಿದ್ದವನು, ಹತ್ತೊಂಬತ್ತು ವಯಸ್ಸು, ಜ್ವರ. ಅತ್ತೆ ಕೂತು ಉಗುರಿನಿಂದ ಒಂದು ಅಕ್ಷರದ ಸಂದಿಯನ್ನು ಕೆರೆದು ಮೂಸಿ ನೋಡಿದರು. ಸೀಗೆಕಾಯಿ. ಬೀದಿಯಲ್ಲಿ ಕಲ್ಲಿನ ಬಚ್ಚಲು ಯಾರದೆಂದು ಅವರಿಗೆ ಹೇಳಬೇಕೆ?

"ಇಷ್ಟು ವರ್ಷ ಉಂಡಿದ್ದು ಈ ಮಗಾನಾ? ಉಣ್ಲಿ ಬಿಡು, ಇವ್ನಿಗೂ ಇಲ್ಲಿ ಯಾರಿದ್ರು" ಎಂದು ಒಂದು ವಡೆಯನ್ನು ಕಲ್ಲಿನ ಮೇಲಿಟ್ಟರು. ಉಳಿದ ಎಡೆ ಎತ್ತಿಕೊಂಡು ಎದ್ದರು. ಮನೆಗೆ ಹೋಗುತ್ತಾರೆ ಅಂದುಕೊಂಡೆ. ನೇರ ಯಜಮಾನರ ಮನೆಯ ಹಿತ್ತಲಿಗೆ ನುಗ್ಗಿದರು.

ಬಚ್ಚಲಲ್ಲಿ ಕಲ್ಲು ಕಿತ್ತ ಜಾಗ ಒಬ್ಬ ಮನುಷ್ಯ ಮಲಗುವಷ್ಟು ಉದ್ದದ ತಗ್ಗಾಗಿ ಹಸಿ ಮಣ್ಣು ಕಾಣುತ್ತಿತ್ತು. ಅತ್ತೆ ಅದರ ತಲೆಯ ಕಡೆ ಬಾಳೆಲೆ ಹಾಸಿ, ಅನ್ನ, ವಡೆ, ಪಾಯಸ ಬಡಿಸಿ, ನನ್ನ ಕೈಯಿಂದ ಚೊಂಬು ಕಿತ್ತುಕೊಂಡರು. ಸದ್ದು ಕೇಳಿ ಯಜಮಾನರು ಎಂಜಲು ಕೈಯಲ್ಲೇ ಓಡಿ ಬಂದರು. ಗೋಡೆಯ ಮೇಲೆ ಬೀದಿಯ ಹೆಂಗಸರ ತಲೆಗಳೂ ಎದ್ದವು.

"ಊರಲ್ಲಿ ಕಲ್ಲಿಲ್ದಿರೋ ಗುಣಿ ಇದೊಂದೇ ಉಳ್ದಿರೋದು ಯಜಮಾನ್ರೇ. ನಮ್ಮೋರು ಇಲ್ಲೇ ಅವ್ರೆ" ಎಂದು ಅತ್ತೆ ಹಾಲು ತುಪ್ಪ ಬಿಟ್ಟರು.

"ಎನ್ನಮ್ಮಾ ಇಪ್ಪಡಿ ಪಣ್ಣಿಟ್ಟೆ!" ಏನಮ್ಮಾ ಹೀಗೆ ಮಾಡಿಬಿಟ್ಟೆ ಎಂದು, ಗಾಬರಿಗೆ ತಮಿಳೇ ಬಂದು, ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ಹಾಲು ತುಪ್ಪ ಬಿದ್ದ ನೆಲ ನಮ್ಮಲ್ಲಿ ಸಮಾಧಿ. ಅದರ ಮೇಲೆ ಯಾರೂ ಕಾಲಿಡುವಂತಿಲ್ಲ, ಅದನ್ನು ಅಗೆಯುವಂತಿಲ್ಲ. ಒಬ್ಬ ಸತ್ತವನ ಹೆಸರಿನ ಮೇಲೆ ಎರಡು ತಲೆಮಾರು ನಿಂತು ಮೈ ತೊಳೆದವರು ಆ ಖಾಲಿ ಮಣ್ಣಿಗೆ ಹೆದರಿ ಬಚ್ಚಲಿಗೇ ಮುಳ್ಳು ಹಾಕಿ ಮುಚ್ಚಿದರು. ಆಮೇಲೆ ನಾವು ಬೀದಿಯಲ್ಲಿ ನೂಲು ಕಟ್ಟಿದ ದಿನ ಗೋಡೆ ಮೇಲಿಂದ ನೋಡಿದ್ದ ಹೆಂಗಸರೇ ಒಬ್ಬೊಬ್ಬರಾಗಿ ಬಂದು ಬ್ರಶ್ಶು ಹಿಡಿದರು. ಅವರ ಮೇಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಇಷ್ಟು ದಿನ ಎಲ್ಲಿ ಸತ್ತಿದ್ದರು?

ಆದರೆ ಆ ಅಮಾವಾಸ್ಯೆಯ ದಿನ ಮನೆಗೆ ಬಂದಾಗ ನನಗೆ ನೆಲದ ಮೇಲೆ ಕಾಲಿರಲಿಲ್ಲ. "ಒಳ್ಳೇ ಬುದ್ಧಿ ಕಲಿಸಿದ್ರಿ ಅತ್ತೆ!" ಎಂದು ನಕ್ಕೆ. ಅತ್ತೆ ನಗಲಿಲ್ಲ. ಹಿತ್ತಲಲ್ಲಿ ಕೂತು ಬೂದಿ ಹಾಕಿ ಕೈ ಉಜ್ಜಿದರು, ತೊಳೆದರು, ಮೂಸಿ ನೋಡಿ ಮತ್ತೆ ಉಜ್ಜಿದರು.

"ಇನ್ನೂ ವಾಸನೆ ಓಗಿಲ್ಲ ಕಣೇ" ಎಂದರು. "ಓಗೀ ಓಗೀ ಅವ್ರನ್ನ ಬಚ್ಚಲಲ್ಲಿ ಮಲಗ್ಸಿ ಬಂದ್ನಲ್ಲೇ."