ನೀಲವ್ವನ ಕಿವಿ, ಬಸಮ್ಮಜ್ಜಿಯ ಬೆಂಡೋಲೆ

೧೯೭೮ರ ಬೇಸಿಗೆಯಲ್ಲಿ ನಾನು ರಾಯಚೂರಿನಲ್ಲಿ ನಮ್ಮ ಮಾವನವರ ಪತ್ತಾರಿಕೆ ಅಂಗಡಿಯ ಒಳಕೋಣೆಯಲ್ಲಿ ಕಿವಿ ಚುಚ್ಚುವ, ಚುಚ್ಚಿದ ತೂತನ್ನು ದೊಡ್ಡದು ಮಾಡುವ ಕೆಲಸ ಮಾಡುತ್ತಿದ್ದೆ. ಹೊರಗೆ ಮಾವ ಮತ್ತು ನಮ್ಮ ಯಜಮಾನರು ಬಂಗಾರ ಕಾಯಿಸುತ್ತಿದ್ದರು. ಒಳಗೆ ಹೆಂಗಸರ ಕಿವಿ ನನ್ನ ಪಾಲಿನದು. ಕೆಲಸ ಕಲಿಸಿದವರು ನಮ್ಮ ಅತ್ತೆ. ದೇವದುರ್ಗ, ಮಾನ್ವಿ ಕಡೆಯಿಂದ ಬಸ್ಸಿಳಿದು ಬರುವ ರೈತರ ಹೆಣ್ಣುಮಕ್ಕಳು, ಪೇಟೆಯಲ್ಲಿ ವ್ಯಾಪಾರ ಮಾಡುವ ಮುಸಲ್ಮಾನರ ಮನೆಯವರು, ಎಲ್ಲರೂ ಆ ಕೋಣೆಯ ಚಾಪೆಯ ಮೇಲೆ ಕೂತು ನನ್ನ ತೊಡೆಗೆ ತಲೆ ಆನಿಸಿದವರೇ.

ಶಾಲೆಯನ್ನು ಮೂರನೇ ಕ್ಲಾಸಿಗೆ ಬಿಟ್ಟವಳು ನಾನು. ನಾಲ್ಕು ಮಂದಿ ಓದಲಿ ಎಂದು ಬರೆಯುವ ದಿನ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮೊನ್ನೆ ನನ್ನ ಮೊಮ್ಮಗಳು ಎದುರಿಗೆ ಬಂದು ಕೂತು, "ಅಜ್ಜಿ, ನನ್ನ ಕಿವಿ ತೂತು ದೊಡ್ಡದು ಮಾಡ್ಕೋಬೇಕು, ಎಲ್ಲಾರೂ ಮಾಡ್ಕೊಳ್ಳಾಕತ್ತಾರ, ನೋವಾಗದಂಗ ಹೆಂಗ ಮಾಡ್ತಾರ ಹೇಳು" ಅಂದಳು. ಅಯ್ಯೋ ನನ್ನ ಬಂಗಾರವೇ! ಊರೆಲ್ಲ ಮರೆತ ನನ್ನ ವಿದ್ಯೆಯನ್ನು ಈ ಹುಡುಗಿ ಹುಡುಕಿಕೊಂಡು ಬಂದಳಲ್ಲ ಎಂದು ಆ ಹೊತ್ತು ನನಗೆ ಊಟವೂ ಬೇಡವಾಯಿತು. ಹೊಟ್ಟೆ ಸಂತೋಷದಿಂದಲೇ ತುಂಬಿತ್ತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ರೀತಿ ಹೇಳುತ್ತೇನೆ. ಚುಚ್ಚಿದ ಗಾಯ ಪೂರ್ತಿ ಮಾಯ್ದಿರಬೇಕು. ಹಸಿ ಗಾಯ ಇದ್ದರೆ ಮುಟ್ಟುವಂತೆಯೇ ಇಲ್ಲ. ಆಮೇಲೆ ನುಣ್ಣಗೆ ಕೆರೆದು ಕುದಿಸಿದ ಬೇವಿನ ಕಡ್ಡಿಗೆ ಕೊಬ್ಬರಿ ಎಣ್ಣೆ ಸವರಿ ತೂತಿಗೆ ಹಾಕಬೇಕು. ಅದು ಸಡಿಲವಾಗಿ, ತಾನೇ ಜಾರಿ ಬೀಳುವ ಹಾಗಾಗಬೇಕು. ಅದಕ್ಕೆ ತಿಂಗಳು ಹಿಡಿಯಲಿ, ಎರಡು ತಿಂಗಳು ಹಿಡಿಯಲಿ. ಆಗ ಅದಕ್ಕಿಂತ ಒಂದು ಕೂದಲೆಳೆ ದಪ್ಪದ ಕಡ್ಡಿ. ದಿನಾ ಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆಯುವುದು. ಉರಿಯಿತೋ, ಕೆಂಪಾಯಿತೋ, ಹಿಂದಿನ ತೆಳು ಕಡ್ಡಿಗೆ ವಾಪಸ್ಸು. ಇಷ್ಟೇ ನೋಡಿ ವಿದ್ಯೆ. ಕೈಗಿಂತ ತಾಳ್ಮೆಯ ಕೆಲಸ.

ಆ ಬೇಸಿಗೆ ದೇವದುರ್ಗ ತಾಲೂಕಿನ ಗಬ್ಬೂರಿನಿಂದ ಭೀಮಪ್ಪ ಎಂಬ ರೈತ ತನ್ನ ಮಗಳು ನೀಲವ್ವನನ್ನು ಕರೆದುಕೊಂಡು ಬಂದ. ಜೊತೆಗೆ ಅವನ ಅಕ್ಕ ಸಿದ್ದವ್ವ. ಹುಡುಗಿಯನ್ನು ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಆ ಮನೆಯಲ್ಲಿ ಒಂದು ಪದ್ಧತಿಯಂತೆ: ಹೊಸ ಸೊಸೆ ಹೊಸ್ತಿಲು ದಾಟುವಾಗ ಮನೆಯ ಹಿರಿಯಳು ತನ್ನ ಕಿವಿಯ ಬೆಂಡೋಲೆ ಬಿಚ್ಚಿ ಸೊಸೆಯ ಕಿವಿಗೆ ಹಾಕುವುದು. ಬೆಂಡೋಲೆ ಎಂದರೆ ಕಿವಿಯ ಹಾಲೆಯ ತುಂಬ ಕೂರುವ ದೊಡ್ಡ ಓಲೆ. ಹಳೆಯ ಕಾಲದ ಆ ಓಲೆಗಳ ಹಿಂದಿನ ಕಡ್ಡಿ ಕಿರುಬೆರಳಿನ ತುದಿಯಷ್ಟು ದಪ್ಪ. ನೀಲವ್ವನ ಕಿವಿಯ ತೂತಿನಲ್ಲಿ ಸೂಜಿ ದಾರ ಹಾಯ್ದರೆ ಹೆಚ್ಚು. ಮದುವೆಗೆ ತಿಂಗಳೂ ಉಳಿದಿರಲಿಲ್ಲ.

"ಆಗಂಗಿಲ್ಲ" ಅಂದೆ. "ಇದು ವರ್ಷದ ಕೆಲಸ. ಒಂದು ಕಡ್ಡಿ ಹಾಕಿ ಕಳಿಸ್ತೀನಿ, ಮುಂದಿಂದು ಮದಿವಿ ಆದ ಮ್ಯಾಲೆ."

ಸಿದ್ದವ್ವ ಮೂಗು ಮುರಿದಳು. "ಹಿಂಗ ಒಂದೊಂದು ಕಡ್ಡಿ ಎಣಿಸಿಕೋತ ಕುಂತ್ರ ಹುಡುಗಿ ಮುದುಕಿ ಆಕ್ಕಾಳ ತಗೋರಿ. ಜನ ಏನಂದಾರು? ಓಲಿ ಹಿಡೀಲಾರದ ಕಿವಿಯಾಕಿನ್ನ ತಂದ್ರು ಅಂದಾರು."

ಎರಡೂ ಕಿವಿಗೆ ತೆಳು ಕಡ್ಡಿ ಹಾಕಿ, ಇನ್ನೊಂದು ಕಟ್ಟು ಕಡ್ಡಿ ಕೈಗೆ ಕೊಟ್ಟು ಕಳಿಸಿದೆ. ನೀಲವ್ವ ಬಾಗಿಲಲ್ಲಿ ತಿರುಗಿ ನನ್ನನ್ನೇ ನೋಡಿದಳು.

ಮದುವೆಗೆ ಎರಡು ದಿನ ಇರುವಾಗ ಭೀಮಪ್ಪ ಬೆಳಗಿನ ಬಸ್ಸಿಗೆ ಓಡಿ ಬಂದ. ಮುಖದಲ್ಲಿ ರಕ್ತವಿಲ್ಲ. "ಪತ್ತಾರವ್ವಾ, ಹಂಗ ನಡೀರಿ. ಕಿವಿ ಕೈಬಿಡೂ ಹಂಗ ಅದ." ಹುಡುಗಿಯನ್ನೇ ಕರೆದು ತರಬಾರದಿತ್ತೇ ಎಂದರೆ, ಅರಿಷಿಣ ಹಚ್ಚಿ ಆಗಿದೆ, ಊರ ಸೀಮೆ ದಾಟುವಂತಿಲ್ಲ ಅಂದ. ಯಜಮಾನರು ಹರಳು ಕೂರಿಸುವ ಸಣ್ಣ ಚಿಮಟವನ್ನೂ ಒಂದು ತುಂಡು ಬಂಗಾರದ ತಂತಿಯನ್ನೂ ಕುದಿಸಿ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೆ.

ಗಬ್ಬೂರಿನ ಮನೆಯಲ್ಲಿ ನೀಲವ್ವ ಕಂಬಕ್ಕೆ ಒರಗಿ ಕೂತಿದ್ದಳು. ಮೈಯೆಲ್ಲ ಅರಿಷಿಣ. ಎಡಗಿವಿ ಮಾತ್ರ ಮಾಗಿದ ಹಣ್ಣಿನಂತೆ ಕೆಂಪು. ಆಗಿದ್ದು ಇಷ್ಟು. ಸಿದ್ದವ್ವ ಜೋಳದ ದಂಟಿನ ಒಳಗಿನ ಬೆಂಡನ್ನು ತೆಗೆದು, ಬೆರಳಲ್ಲಿ ಹಿಸುಕಿ ಸಣ್ಣದು ಮಾಡಿ, ನಾನು ಹಾಕಿದ ಕಡ್ಡಿ ಕಿತ್ತು ಎಡಗಿವಿಗೆ ತುರುಕಿದ್ದಳು. ಒಂದಕ್ಕೆ ಹಾಕಿ ನೋಡೋಣ ಎಂದು. ಬೆಂಡು ಒಣಗಿದ್ದಾಗ ಹತ್ತಿಯಂತೆ ಹಗುರ. ಹಳಬರು ಅದನ್ನು ಬಳಸುತ್ತಿದ್ದುದೂ ನಿಜ. ಆದರೆ ಮರುದಿನವೇ ಅರಿಷಿಣದ ನೀರು. ಐದು ಜನ ಮುತ್ತೈದೆಯರು ಹಾಡಿಕೊಂಡು ತಲೆಯ ಮೇಲೆ ಬಿಂದಿಗೆ ಬಿಂದಿಗೆ ನೀರು ಸುರಿದರು. ಬೆಂಡು ಅಷ್ಟನ್ನೂ ಕುಡಿಯಿತು. ಕುಡಿದು ತೂತಿನ ಎರಡೂ ಬದಿಗೆ ಅಣಬೆಯಂತೆ ಉಬ್ಬಿ ಕೂತಿತು. ಸುತ್ತಲಿನ ಚರ್ಮ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳ್ಳಗಾಗಿ ಬೆಳ್ಳಗೆ ಬಿಗಿದಿತ್ತು. ಕೆಳಗಡೆ ಒಂದು ನೂಲಿನಷ್ಟು ಹಾಲೆ ಉಳಿದಿತ್ತು. ಅದು ಹರಿದರೆ ಕಿವಿ ಎರಡು ಸೀಳು.

"ಒಮ್ಮೆ ಗಟ್ಟಿ ಎಳದುಬಿಡ್ರಿ, ಬರ್ತದ" ಎಂದಳು ಸಿದ್ದವ್ವ.

"ಎಳದ್ರ ಬೆಂಡಿನ ಜೋಡಿ ಕಿವೀನೂ ಬರ್ತದ. ಸುಮ್ಮನ ದೂರ ಕುಂಡ್ರು."

ಬಿಸಿನೀರು ಹಿಡಿದು ನಿಂತಿದ್ದವಳನ್ನೂ ತಡೆದೆ. ಇನ್ನೊಂದು ಹನಿ ನೀರು ಬಿದ್ದರೆ ಇನ್ನಷ್ಟು ಉಬ್ಬುತ್ತದೆ. ನೀಲವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹೊರಗಿನಿಂದ ಎಳೆಯಬಾರದು, ಒಳಗಿನಿಂದ ಟೊಳ್ಳು ಮಾಡಬೇಕು. ಅದೊಂದೇ ದಾರಿ. ಚಿಮಟದ ತುದಿಯಿಂದ ಬೆಂಡಿನ ನಟ್ಟನಡುವೆ ಚಿವುಟಿ ಒಂದು ಚೂರು ತೆಗೆದೆ. ಮತ್ತೊಂದು ಚೂರು. ಚಿಮಟ ಒಂದಿಷ್ಟು ಓರೆಯಾದರೂ ಚರ್ಮಕ್ಕೆ ತಾಗುತ್ತದೆ. ಅಂಗಳದಲ್ಲಿ ಹಂದರ ಹಾಕುತ್ತಿದ್ದವರು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತರು. ನನ್ನ ಬೆವರು ಅವಳ ಕೆನ್ನೆಯ ಅರಿಷಿಣದ ಮೇಲೆ ಬಿತ್ತು.

"ಚೀರಬೇಕಂದ್ರ ಚೀರು ಮಗಳ, ಆದ್ರ ತಲಿ ಅಲುಗಿಸಬ್ಯಾಡ" ಅಂದೆ.

"ಚೀರಿದ್ರ ಬಾಗಿಲಾಗ ನಿಂತ ಮಂದಿ ಊರಿಗೆಲ್ಲ ಹೇಳ್ತಾರ" ಅಂದಳು. ಹಲ್ಲು ಕಚ್ಚಿ ನನ್ನ ಮೊಣಕಾಲನ್ನು ಎಷ್ಟು ಬಿಗಿ ಹಿಡಿದಳೆಂದರೆ ಉಗುರು ಸೀರೆ ದಾಟಿ ಒಳಗಿಳಿಯಿತು.

ಎಷ್ಟು ಹೊತ್ತಾಯಿತೋ ತಿಳಿಯದು. ನಡುವೆಲ್ಲ ಟೊಳ್ಳಾದ ಮೇಲೆ ಸುತ್ತ ಎರಡು ಹನಿ ಎಣ್ಣೆ ಬಿಟ್ಟು ಮೆಲ್ಲಗೆ ಅದುಮಿದೆ. ಉಳಿದ ಸಿಪ್ಪೆ ಒಳಕ್ಕೆ ಕುಸಿಯಿತು, ಹಿಂದಿನಿಂದ ಜಾರಿತು. ಒಂದಿಷ್ಟು ಕೀವು, ಒಂದಿಷ್ಟು ರಕ್ತ. ಹಾಲೆ ಹರಿದಿರಲಿಲ್ಲ! ಆ ಕ್ಷಣ ನೆನೆದರೆ ಈಗಲೂ ಎದೆ ಕುಣಿಯುತ್ತದೆ. ತೂತು ಮುಚ್ಚದಿರಲಿ, ಕೀವೂ ಒಳಗೆ ಕಟ್ಟಿಕೊಳ್ಳದಿರಲಿ ಎಂದು ಕುದಿಸಿದ ಬಂಗಾರದ ತೆಳು ತಂತಿಯನ್ನು ಸಡಿಲ ಬಳೆಯಂತೆ ಹಾಕಿದೆ.

ಆದರೆ ಕಿವಿ ಸುಡುತ್ತಿತ್ತು, ಮೈಯೂ ಬಿಸಿಯಾಗಿತ್ತು. ಇಲ್ಲಿಂದ ಮುಂದೆ ಇದು ಡಾಕ್ಟರ ಕೆಲಸ ಅಂದೆ. ಸೀಮೆ ದಾಟುವುದು ಹೇಗೆ ಎಂದು ಹೆಂಗಸರು ಗುಜುಗುಜು ಎಂದರು. ಭೀಮಪ್ಪ ಹೆಗಲ ಮೇಲಿನ ಟವೆಲ್ ಕೊಡವಿದ. "ಸೀಮಿ ದಾಟಿದ ಪಾಪ ನನಗಿರಲಿ. ಬಸ್ಸು ತಪ್ಪತದ, ಏಳು ಮಗಳ." ದೇವದುರ್ಗದಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟು, ಗುಳಿಗೆ ಬರೆದು, ಒಂದೇ ಮಾತು ಹೇಳಿದರು: ಗಾಯ ಪೂರ್ತಿ ಮಾಯುವ ತನಕ ಆ ಕಿವಿಗೆ ಭಾರ ಹಾಕಿದರೆ ಹಾಲೆ ಉಳಿಯುವುದಿಲ್ಲ.

ಬೀಗರಿಗೆ ಈಗಲೇ ಹೇಳಿ ಕಳಿಸೋಣ ಎಂದೆ. ಭೀಮಪ್ಪ ಒಪ್ಪಲಿಲ್ಲ. "ತಾಳಿ ಬೀಳಲಿ, ಆಮ್ಯಾಲೆ ಹೇಳೂನು." ತಾಳಿ ಬಿತ್ತು. ಯಾರೂ ಹೇಳಲಿಲ್ಲ. ಹುಡುಗಿಯನ್ನು ಕಳಿಸಲು ಹೋಗುವವರ ಜೊತೆ ನಾನೂ ಹಿರೇಕೊಟ್ನೆಕಲ್ಲಿಗೆ ಹೋದೆ. ದಾರಿಯುದ್ದಕ್ಕೂ ಸಿದ್ದವ್ವ ನೀಲವ್ವನ ಸೆರಗನ್ನು ಎಡಗಿವಿಯ ಮೇಲೆ ಎಳೆಯುತ್ತಲೇ ಇದ್ದಳು.

ಹೊಸ್ತಿಲ ಒಳಗೆ ಬಸಮ್ಮಜ್ಜಿ ನಿಂತಿದ್ದಳು. ಗಂಡಿನ ಅಜ್ಜಿ. ಎತ್ತರದ ಹೆಂಗಸು, ಕಿವಿ ತುಂಬ ಓಲೆ. ಊರ ಹೆಂಗಸರೆಲ್ಲ ಸುತ್ತ ನೆರೆದಿದ್ದರು.

"ಯಾಕ ಸೆರಗು ಹಂಗ ಎಳಕೊಂಡೀ ಬೇ? ಕಿವಿ ತವರುಮನ್ಯಾಗ ಬಿಟ್ಟು ಬಂದೀಯೇನು?" ಎಂದಳು. ಎಲ್ಲರೂ ನಕ್ಕರು. ಅಜ್ಜಿ ಓಲೆಯ ತಿರುಪಿಗೆ ಕೈ ಹಾಕಿದಳು.

ನಾನು ಮುಂದೆ ಬಂದೆ. "ಯವ್ವಾ, ನಾನು ಕಿವಿ ನೋಡೂ ಪತ್ತಾರಾಕಿ. ಈಗ ಓಲಿ ಹಾಕಬ್ಯಾಡ್ರಿ. ಕಿವಿ ಹರೀತದ."

ನಗು ನಿಂತಿತು. "ಐಬು ಮುಚ್ಚಿಟ್ಟು ಮದಿವಿ ಮಾಡ್ಯಾರ" ಎಂದು ಗಂಡಿನ ಕಡೆಯವನೊಬ್ಬ ಅಂದ. ಭೀಮಪ್ಪ ತಲೆ ತಗ್ಗಿಸಿದ. ಅಜ್ಜಿ ಸೆರಗು ಸರಿಸಿ ಕಿವಿ ನೋಡಿದಳು.

"ಯಾರು ಮಾಡಿದ್ದಿದು?"

ಸಿದ್ದವ್ವನ ಉಸಿರು ನನ್ನ ಬೆನ್ನಿಗೆ ತಾಕುತ್ತಿತ್ತು. ಬಾಯಿ ತೆರೆದವಳು ನೀಲವ್ವ. "ನಾನೇ ಹೂಂ ಅಂದಿದ್ದೆ ಯವ್ವಾ. ನಿಮ್ಮ ಓಲಿ ಹಿಡೀಲಿ ಅಂತ."

ಅಜ್ಜಿ ಓಲೆಯಿಂದ ಕೈ ತೆಗೆದಳು. "ಹುಚ್ಚಿ! ನಾನು ಈ ಹೊಸ್ತಿಲು ದಾಟಿದಾಗ ನನ್ನ ಕಿವ್ಯಾಗ ಏನಿತ್ತು ಗೊತ್ತೇನು? ಬೇವಿನ ಕಡ್ಡಿ. ನಮ್ಮತ್ತಿ ಇಲ್ಲೇ ನಿಂತು ಹಾಕಿದ್ಲು. ಓಲಿ ಬಂದದ್ದು ಎರಡು ವರ್ಷದ ಮ್ಯಾಲೆ. ಹಿರೇರ ಕೈಯಿಂದ ಹಾಕಬೇಕು, ಅಷ್ಟೇ ಪದ್ಧತಿ. ಇಂದೇ ಹಾಕಬೇಕಂತ ನಿಮಗ ಹೇಳಿದವರ್ಯಾರು?"

ಯಾರೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಗಬ್ಬೂರಿನವರು ತಾವೇ ಎಣಿಸಿಕೊಂಡಿದ್ದರು. ಅಜ್ಜಿ ಐಬು ಎಂದವನ ಕಡೆ ತಿರುಗಿ, "ನಿನಗ ಬಾಯಿ ಅದಲ್ಲ, ಅದೇ ಐಬು" ಅಂದಳು. ಆಮೇಲೆ ನನ್ನತ್ತ ಕೈ ಚಾಚಿದಳು. "ಕೊಡು ಪತ್ತಾರವ್ವಾ, ಕಡ್ಡಿ ತಂದಿರ್ತೀ ನೀ."

ಬಲಗಿವಿಯಲ್ಲಿದ್ದ ಕಡ್ಡಿ ತೆಗೆದು ತನ್ನ ಕೈಯಾರೆ ಹೊಸದು ಹಾಕಿದಳು. ಎಡಗಿವಿಯ ತಂತಿಯನ್ನು ಮುಟ್ಟಲಿಲ್ಲ. "ಇದು ಮಾಯಲಿ, ಆಮ್ಯಾಲೆ ನೋಡೂನು. ಅಲ್ಲೀ ತನಕ ಓಲಿ ನಾನೇ ಹಾಕ್ಕೊಂತೀನಿ, ನನಗೇನು ಭಾರ ಆಗ್ಯಾವೇನು?"

ಕಟ್ಟೆಯ ಮೇಲಿಂದ ಅಜ್ಜಿಯ ಗಂಡ, "ಆಕಿ ಬಿಚ್ಚಂಗಿಲ್ಲ ಅಂತ ನನಗ ಮೊದಲೇ ಗೊತ್ತಿತ್ತು ಬಿಡ್ರಿ" ಎಂದ. ನಗು ಮತ್ತೆ ಎದ್ದಿತು. ಸಿದ್ದವ್ವ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ನೀಲವ್ವನ ಕಿವಿ ಮಾಯಿತು. ಮುಂದೆ ಅವಳು ಮಾನ್ವಿಯಿಂದ ಬಸ್ಸು ಹತ್ತಿ ನನ್ನ ಬಳಿ ಬಂದಾಗಲೆಲ್ಲ ಕಡ್ಡಿ ಒಂದಿಷ್ಟು ದಪ್ಪವಾಗುತ್ತಿತ್ತು. ಆ ಕೈಚಳಕ ನಮ್ಮ ಅತ್ತೆ ಕಲಿಸಿದ್ದು. ಅತ್ತೆಯೂ ಕಲಿಸದ ಒಂದನ್ನು ಆ ಹೊಸ್ತಿಲು ಕಲಿಸಿತು. ಅಂದಿನಿಂದ ಎಂಥವರೇ ಅವಸರವೆಂದು ಬಂದರೂ ಕಿವಿ ಮುಟ್ಟುವ ಮೊದಲು, "ಅವಸರ ಯಾರಿಗೆ?" ಎಂದು ಕೇಳುತ್ತಿದ್ದೆ. ಹುಡುಗಿಯ ತಾಯಿ ಬೀಗರ ಹೆಸರು ಹೇಳುತ್ತಿದ್ದಳು. "ಹಂಗಾರ ಅವರನ್ನ ಕೇಳ್ಕೊಂಡು ಬರ್ರಿ" ಎಂದು ಕಳಿಸುತ್ತಿದ್ದೆ. ಕೇಳಿಕೊಂಡು ತಿರುಗಿ ಬಂದವರಲ್ಲಿ ಯಾರಿಗೂ ಅಂಥ ಅವಸರ ಉಳಿದಿರುತ್ತಿರಲಿಲ್ಲ.